ಎರೆನೆಲದ ಬಿರುಕಿನಲ್ಲಿ ಒಂದು ವರ್ಷದ ಬದುಕು

ವಿಜಯಪುರ, ಗದಗ, ರಾಯಚೂರಿನ ಕಡೆಯ ಎರೆ ಹೊಲಗಳನ್ನು ಏಪ್ರಿಲ್ ತಿಂಗಳಲ್ಲಿ ನೋಡಿದವರಿಗೆ ನೆಲ ಬಾಯಿ ಬಿಡುವುದು ಎಂದರೇನೆಂದು ಬೇರೆ ಹೇಳಬೇಕಿಲ್ಲ. ಮಳೆಗಾಲದಲ್ಲಿ ನೀರುಂಡು ಉಬ್ಬಿದ ಜೇಡಿ ಬಿಸಿಲಿಗೆ ಕುಗ್ಗಿ, ಅಂಗೈ ಹೋಗುವಷ್ಟು ಅಗಲದ ಬಿರುಕುಗಳಾಗಿ ಸೀಳುತ್ತದೆ. ಇದೇ ಬಗೆಯ ಕಪ್ಪು ಮಣ್ಣು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ವಾಯವ್ಯ ಭಾಗದಲ್ಲಿ, ಜೂಲಿಯಾ ಕ್ರೀಕ್ ಎಂಬ ಸಣ್ಣ ಊರಿನ ಸುತ್ತಮುತ್ತ, ಮಿಚೆಲ್ ಹುಲ್ಲಿನ ಬಯಲಾಗಿ ಕಣ್ಣು ಹಾಯುವವರೆಗೂ ಹರಡಿದೆ. ಅಲ್ಲಿನ ಬಿರುಕುಗಳೊಳಗೆ ಹಗಲಿಡೀ ಅಡಗಿದ್ದು, ಕತ್ತಲಾದ ಮೇಲೆ ಹೊರಬಂದು ಕೀಟಗಳನ್ನೂ ಜೇಡಗಳನ್ನೂ ಬೇಟೆಯಾಡುವ ಒಂದು ಪುಟ್ಟ ಪ್ರಾಣಿಯಿದೆ. ಅದರ ಹೆಸರು ಜೂಲಿಯಾ ಕ್ರೀಕ್ ಡನಾರ್ಟ್. ಚೆನ್ನಾಗಿ ಬೆಳೆದರೂ ಸುಮಾರು 70 ಗ್ರಾಂ ಮೀರದ ಇದು ಡನಾರ್ಟ್‌ಗಳ ಪೈಕಿ ದೊಡ್ಡದೆನಿಸಿಕೊಂಡಿದೆ. ಸಂಗ್ರಹಾಲಯಗಳಲ್ಲಿದ್ದ ಬೆರಳೆಣಿಕೆಯ ಮಾದರಿಗಳ ಹೊರತು ಯಾರೂ ಜೀವಂತವಾಗಿ ಕಾಣದೆ ಅಳಿದೇ ಹೋಯಿತೇನೋ ಎಂಬ ಶಂಕೆಗೆ ಒಳಗಾಗಿದ್ದ ಈ ಪ್ರಾಣಿ 1990ರ ದಶಕದ ಆರಂಭದಲ್ಲಿ ಮತ್ತೆ ಪತ್ತೆಯಾಯಿತು.

ನೋಡಿದ ಕೂಡಲೇ ಇಲಿ ಎನ್ನಬಹುದಾದ ಈ ಪ್ರಾಣಿಗೂ ಇಲಿಗೂ ಯಾವ ಹತ್ತಿರದ ಸಂಬಂಧವೂ ಇಲ್ಲ. ಇದು ಕಾಂಗರೂವಿನಂತೆ ಹೊಟ್ಟೆಚೀಲದ ಪ್ರಾಣಿಗಳ, ಅಂದರೆ ಮಾರ್ಸೂಪಿಯಲ್‌ಗಳ, ಬಳಗಕ್ಕೆ ಸೇರಿದ್ದು. ಆ ಬಳಗದಲ್ಲಿ ಮಾಂಸಾಹಾರಿಗಳದೇ ಒಂದು ಕುಟುಂಬವಿದ್ದು, ಅದಕ್ಕೆ ಡ್ಯಾಸಿಯೂರಿಡೇ ಎಂದು ಹೆಸರು. ಆಸ್ಟ್ರೇಲಿಯಾ ಮತ್ತು ನ್ಯೂಗಿನಿಯಲ್ಲಿ ಹರಡಿರುವ ಈ ಕುಟುಂಬದ ಎಪ್ಪತ್ತಕ್ಕೂ ಹೆಚ್ಚು ಪ್ರಭೇದಗಳಲ್ಲಿ ಜನರಿಗೆ ಗೊತ್ತಿರುವುದು ಟ್ಯಾಸ್ಮೇನಿಯನ್ ಡೆವಿಲ್ ಒಂದೇ. ಉಳಿದವುಗಳಲ್ಲಿ ಬೆಕ್ಕಿನಷ್ಟು ಅಥವಾ ಅದಕ್ಕಿಂತ ಚಿಕ್ಕದಾದ, ಮೈಮೇಲೆ ಬಿಳಿ ಚುಕ್ಕೆಗಳಿರುವ ಕ್ವೋಲ್‌ಗಳನ್ನು ಬಿಟ್ಟರೆ ಹೆಚ್ಚಿನವು ಮುಷ್ಟಿಯೊಳಗೆ ಹಿಡಿಸುವಂಥವು: ಡನಾರ್ಟ್‌ಗಳು, ಆಂಟೆಕೈನಸ್‌ಗಳು, ಪ್ಲಾನಿಗೇಲ್‌ಗಳು. ನಮ್ಮಲ್ಲಿ ಹೋಲಿಕೆಗೆ ಏನಾದರೂ ಬೇಕಿದ್ದರೆ ಇಲಿಗಿಂತ ಸುಂಡಿಲಿಯೇ ಸರಿ. ಅದೂ ಇಲಿಯಲ್ಲ, ಚೂಪು ಮೂತಿಯ ಕೀಟಭಕ್ಷಕ. ವ್ಯತ್ಯಾಸ ಖಚಿತವಾಗುವುದು ಬಾಯಿ ತೆರೆಸಿದಾಗ. ಇಲಿಗೆ ಮೇಲೊಂದು ಕೆಳಗೊಂದು ಜೊತೆ ಉಳಿಯಂಥ ಬಾಚಿಹಲ್ಲುಗಳಿದ್ದರೆ, ಇವಕ್ಕೆ ಮೇಲ್ದವಡೆಯಲ್ಲಿ 8, ಕೆಳದವಡೆಯಲ್ಲಿ 6 ಪುಟ್ಟ ಚೂಪು ಹಲ್ಲುಗಳೂ ಅವುಗಳ ಹಿಂದೆ ನಾಯಿಗಿರುವಂಥ ಕೋರೆಗಳೂ ಇರುತ್ತವೆ. ಮೆಲ್ಬರ್ನ್, ಸಿಡ್ನಿ, ಬ್ರಿಸ್ಬೇನ್‌ಗಳ ಹೊರವಲಯದಲ್ಲಿ ಮನೆ ಮಾಡಿರುವ ಕನ್ನಡಿಗರು ಇದನ್ನು ಗಮನಿಸುವುದು ಒಳ್ಳೆಯದು, ಏಕೆಂದರೆ ಕಾಡಂಚಿನ ಮನೆಗಳಿಗೆ ನುಗ್ಗುವ ಆಂಟೆಕೈನಸ್‌ಗಳು ಇಲಿಯೆಂದು ತಪ್ಪಾಗಿ ತಿಳಿದವರ ಪಾಷಾಣಕ್ಕೂ ಬೋನಿಗೂ ಬಲಿಯಾಗುವುದುಂಟು. ಮೂತಿ ಉದ್ದವಾಗಿ ಚೂಪಾಗಿದ್ದು, ಕಿವಿಯ ಅಂಚಿನಲ್ಲಿ ಕಚ್ಚಿದಂಥ ಕಿರುಸೀಳು ಕಂಡರೆ ಅದು ಇಲಿಯಲ್ಲ. ಜಿರಳೆ, ಜೇಡಗಳನ್ನು ತಿಂದುಕೊಂಡಿರುವ ಅತಿಥಿ.

ಹೊಟ್ಟೆಚೀಲ ಎಂಬ ಮಾತೂ ಇಲ್ಲಿ ಸ್ವಲ್ಪ ದಾರಿ ತಪ್ಪಿಸುತ್ತದೆ. ಈ ಚಿಕ್ಕ ಪ್ರಾಣಿಗಳಲ್ಲಿ ಅನೇಕವಕ್ಕೆ ಕಾಂಗರೂವಿಗಿರುವಂಥ ಜೇಬು ಇರುವುದಿಲ್ಲ. ಮರಿ ಹಾಕುವ ಕಾಲಕ್ಕೆ ಹೊಟ್ಟೆಯ ಚರ್ಮ ತುಸು ಮಡಿಚಿಕೊಂಡು ಮೊಲೆತೊಟ್ಟುಗಳ ಸುತ್ತ ಒಂದು ಅಂಚು ಏಳುತ್ತದೆ, ಅಷ್ಟೆ. ಈ ಬಳಗವನ್ನು ಬೇರ್ಪಡಿಸುವ ನಿಜವಾದ ಲಕ್ಷಣವೆಂದರೆ ಮರಿಗಳು ಅರೆಬೆಂದ ಸ್ಥಿತಿಯಲ್ಲೇ ಹುಟ್ಟುವುದು. ಜೂಲಿಯಾ ಕ್ರೀಕ್ ಡನಾರ್ಟ್‌ನ ಗರ್ಭಾವಧಿ ಸುಮಾರು 12 ದಿನ. ಹುಟ್ಟಿದ ಮರಿಯ ಉದ್ದ ಸುಮಾರು 4 ಮಿಲಿಮೀಟರ್. ತೂಕದಲ್ಲಿ ಅದು ಒಂದು ಅಕ್ಕಿಕಾಳಿಗೆ ಹೆಚ್ಚುಕಡಿಮೆ ಸಮ. ಅದಕ್ಕೆ ಕಣ್ಣಿಲ್ಲ, ಕಿವಿಯಿಲ್ಲ, ಕೂದಲಿಲ್ಲ, ಹಿಂಗಾಲುಗಳು ಮೊಳಕೆಯ ಹಂತದಲ್ಲಿರುತ್ತವೆ. ಆದರೂ ಮುಂಗಾಲುಗಳಿಂದ ತೆವಳಿ ತಾಯಿಯ ಮೊಲೆತೊಟ್ಟನ್ನು ತಾನೇ ಹುಡುಕಿಕೊಳ್ಳುತ್ತದೆ. ಇನ್ನೂ ಸೋಜಿಗದ ಸಂಗತಿಯನ್ನು ಸಂಶೋಧಕರು 1999ರಲ್ಲಿ ಪ್ರಕಟಿಸಿದರು: ಈ ಮರಿ ಮೊದಮೊದಲು ಉಸಿರಾಡುವುದೇ ಇಲ್ಲವೆನ್ನಬಹುದು. ಅದಕ್ಕೆ ಬೇಕಾದ ಆಮ್ಲಜನಕದ ಬಹುಪಾಲು ತೆಳ್ಳನೆಯ ಒದ್ದೆ ಚರ್ಮದ ಮೂಲಕ ನೇರವಾಗಿ ರಕ್ತಕ್ಕೆ ಇಳಿಯುತ್ತದೆ, ಕಪ್ಪೆಗಳಲ್ಲಿ ಆಗುವಂತೆ. ಶ್ವಾಸಕೋಶ ಆ ಕೆಲಸವನ್ನು ಪೂರ್ತಿಯಾಗಿ ವಹಿಸಿಕೊಳ್ಳಲು ಕೆಲವು ವಾರಗಳೇ ಬೇಕು. ಮೈ ಅಷ್ಟು ಚಿಕ್ಕದಾಗಿರುವುದರಿಂದ, ದೇಹದ ಗಾತ್ರಕ್ಕೆ ಹೋಲಿಸಿದರೆ ಚರ್ಮದ ಹರವು ಬಹಳ ದೊಡ್ಡದು. ಜೊತೆಗೆ ತನ್ನ ಮೈಯನ್ನು ತಾನೇ ಬೆಚ್ಚಗಿಟ್ಟುಕೊಳ್ಳುವ ಹೊಣೆ ಮರಿಗೆ ಇನ್ನೂ ಇಲ್ಲದ್ದರಿಂದ ಆಮ್ಲಜನಕದ ಅಗತ್ಯವೂ ಕಡಿಮೆ. ಲೆಕ್ಕ ಸರಿಹೋಗುವುದು ಹೀಗೆ.

ಮರಿಗಳ ಸಂಖ್ಯೆಯ ವಿಷಯದಲ್ಲಿ ಮಾತ್ರ ಲೆಕ್ಕ ನಿರ್ದಯವಾದದ್ದು. ಪೂರ್ವದ ಕ್ವೋಲ್‌ಗೆ ಇರುವುದು 6 ಮೊಲೆತೊಟ್ಟು, ಹುಟ್ಟುವ ಮರಿಗಳೋ ಕೆಲವೊಮ್ಮೆ 30ರ ತನಕ. ತೊಟ್ಟು ಸಿಕ್ಕಿದ ಮರಿ ಅದನ್ನು ವಾರಗಟ್ಟಲೆ ಬಿಡುವುದಿಲ್ಲ. ಸಿಗದವು ಹುಟ್ಟಿದ ಕೆಲವೇ ಹೊತ್ತಿನಲ್ಲಿ ಮುಗಿದುಹೋಗುತ್ತವೆ. ಕಚ್ಚಿಕೊಂಡ ಮರಿಗಳನ್ನು ಹೊಟ್ಟೆಯಡಿಯಲ್ಲಿ ನೇತುಹಾಕಿಕೊಂಡೇ ತಾಯಿ ಬೇಟೆಗೆ ಹೋಗುತ್ತಾಳೆ. ಆಂಟೆಕೈನಸ್‌ನಲ್ಲಿ ಇದು ಸುಮಾರು ಐದು ವಾರ ನಡೆಯುತ್ತದೆ, ಆಮೇಲೆ ಮರಿಗಳು ಗೂಡಿನಲ್ಲಿ ಉಳಿಯುತ್ತವೆ.

ಆಂಟೆಕೈನಸ್‌ನ ಹೆಸರು ಬಂದಮೇಲೆ ಅದರ ಗಂಡುಗಳ ವಿಷಯ ಹೇಳದೆ ಮುಂದಕ್ಕೆ ಹೋಗುವಂತಿಲ್ಲ. ಪೂರ್ವ ಆಸ್ಟ್ರೇಲಿಯಾದ ಕಾಡುಗಳಲ್ಲಿರುವ ಈ ಪ್ರಾಣಿಗಳಿಗೆ ವರ್ಷಕ್ಕೊಮ್ಮೆ, ಬಹುತೇಕ ಚಳಿಗಾಲದ ಹೊತ್ತಿಗೆ, ಎರಡು ಮೂರು ವಾರಗಳ ಬೆದೆಗಾಲ ಬರುತ್ತದೆ. ಅದು ಮುಗಿಯುವಷ್ಟರಲ್ಲಿ ಕಾಡಿನಲ್ಲಿ ಒಂದೇ ಒಂದು ಗಂಡೂ ಉಳಿದಿರುವುದಿಲ್ಲ. ಹನ್ನೊಂದು, ಹನ್ನೊಂದೂವರೆ ತಿಂಗಳ ಪ್ರಾಯದಲ್ಲಿ ಎಲ್ಲ ಗಂಡುಗಳೂ ಸಾಯುತ್ತವೆ. ಮುಂದಿನ ಕೆಲವು ವಾರಗಳ ಕಾಲ ಇಡೀ ಪ್ರಭೇದದ ಗಂಡುಗಳೆಂದರೆ ಹೆಣ್ಣುಗಳ ಗರ್ಭದೊಳಗೆ ಇರುವ ಇನ್ನೂ ಹುಟ್ಟದ ಮರಿಗಳು ಮಾತ್ರ. ಸಾವಿನ ದಾರಿ ಹೀಗಿದೆ. ಬೆದೆಗಾಲದಲ್ಲಿ ಟೆಸ್ಟೋಸ್ಟೆರಾನ್ ಏರುತ್ತದೆ, ಒತ್ತಡದ ಹಾರ್ಮೋನ್ ಆದ ಕಾರ್ಟಿಸಾಲ್ ಕೂಡ ಏರುತ್ತದೆ. ಸಾಮಾನ್ಯವಾಗಿ ರಕ್ತದಲ್ಲಿರುವ ಒಂದು ಪ್ರೋಟೀನು ಈ ಕಾರ್ಟಿಸಾಲನ್ನು ಹಿಡಿದಿಟ್ಟು ಅದರ ಉಪದ್ರವವನ್ನು ತಗ್ಗಿಸುತ್ತದೆ. ಆದರೆ ಟೆಸ್ಟೋಸ್ಟೆರಾನ್ ಹೆಚ್ಚಾದಾಗ ಆ ಪ್ರೋಟೀನೇ ಇಳಿಮುಖವಾಗುವುದರಿಂದ ಕಡಿವಾಣವಿಲ್ಲದ ಕಾರ್ಟಿಸಾಲ್ ಮೈತುಂಬ ಹರಿಯುತ್ತದೆ. ಸ್ನಾಯುವಿನ ಪ್ರೋಟೀನು ಕರಗಿ ತಕ್ಷಣದ ಶಕ್ತಿಯಾಗಿ ಒದಗುತ್ತದೆ, ಗಂಡು ಊಟ ಬಿಟ್ಟು ಹೆಣ್ಣುಗಳ ಹಿಂದೆ ಅಲೆಯುತ್ತದೆ, ಒಂದೊಂದು ಕೂಟವೂ ಹನ್ನೆರಡು ತಾಸಿನವರೆಗೆ ನಡೆಯಬಹುದು. ಇತ್ತ ರೋಗನಿರೋಧಕ ಶಕ್ತಿ ಕುಸಿದು, ಜಠರದಲ್ಲಿ ಹುಣ್ಣಾಗಿ ರಕ್ತ ಸೋರಿ, ಪರೋಪಜೀವಿಗಳು ಮಿತಿಮೀರಿ, ಕೂದಲು ಉದುರಿದ ಗಂಡುಗಳು ಹಾಡಹಗಲೇ ತಡವರಿಸುತ್ತ ಓಡಾಡಿ ಬೀಳುತ್ತವೆ. 2024ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಈ ವಾರಗಳಲ್ಲಿ ಗಂಡುಗಳು ದಿನಕ್ಕೆ ಸರಾಸರಿ ಮೂರು ತಾಸು ನಿದ್ದೆಯನ್ನೂ ಕಳೆದುಕೊಳ್ಳುತ್ತವೆ. ಬೆದೆಗಾಲಕ್ಕೆ ಮೊದಲೇ ಹಿಡಿದು ಒಂಟಿಯಾಗಿ ಸಾಕಿದ ಗಂಡುಗಳು ಮಾತ್ರ ವರ್ಷ ದಾಟಿಯೂ ಬದುಕಿವೆ. ಹಾಗಾಗಿ ಇದು ಮುಪ್ಪಿನ ಸಾವಲ್ಲ.

ತಂದೆಯಾದವನು ಮಕ್ಕಳಿಗೆ ಆಹಾರ ಉಳಿಯಲೆಂದು ಪ್ರಾಣ ಬಿಡುತ್ತಾನೆ ಎಂಬ ವಿವರಣೆ ಹಿಂದೆ ಚಾಲ್ತಿಯಲ್ಲಿತ್ತು, ಈಗಲೂ ಅಲ್ಲಲ್ಲಿ ಕಾಣುತ್ತದೆ. ಕೇಳಲು ಇಂಪಾದರೂ ಅದು ನಿಲ್ಲುವುದಿಲ್ಲ. ಅಂಥ ತ್ಯಾಗದ ಲಾಭ ತನ್ನ ಮರಿಗಳಿಗಷ್ಟೇ ಅಲ್ಲದೆ ನೆರೆಯ ಗಂಡಿನ ಮರಿಗಳಿಗೂ ಸಿಗುತ್ತದೆ. ಆಗ ಸಾಯದೆ ಉಳಿದ ಗಂಡೇ ಗೆದ್ದಂತಾಗುತ್ತದೆ. ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಡಯಾನಾ ಫಿಶರ್ ಮತ್ತು ಸಂಗಡಿಗರು 2013ರಲ್ಲಿ ಮುಂದಿಟ್ಟ ಉತ್ತರ ಹೆಚ್ಚು ಗಟ್ಟಿಯಾದದ್ದು. ಕೀಟಗಳು ವರ್ಷದಲ್ಲೊಮ್ಮೆ, ನಿಶ್ಚಿತ ಕಾಲಕ್ಕೆ ಹೇರಳವಾಗುವ ಕಡೆ, ಮರಿಗಳು ಹಾಲು ಬಿಡುವ ದಿನಗಳು ಆ ಸುಗ್ಗಿಗೆ ಕೂಡಿಬರುವಂತೆ ಹೆಣ್ಣುಗಳೆಲ್ಲ ಒಟ್ಟಿಗೇ ಬೆದೆಗೆ ಬರುತ್ತವೆ. ಪ್ರತಿ ಹೆಣ್ಣೂ ಹಲವು ಗಂಡುಗಳನ್ನು ಕೂಡುತ್ತದೆ, ಅವುಗಳ ವೀರ್ಯಾಣುಗಳನ್ನು ದಿನಗಟ್ಟಲೆ ಒಳಗೇ ಕಾದಿಡುತ್ತದೆ. ಒಂದೇ ಸೂಲಿನ ಮರಿಗಳಿಗೆ ಬೇರೆಬೇರೆ ತಂದೆಯರಿರುವುದು ಮಾಮೂಲು. ಇಂಥಲ್ಲಿ ಸ್ಪರ್ಧೆ ಗಂಡುಗಳ ನಡುವೆ ನಡೆಯುವುದಕ್ಕಿಂತ ವೀರ್ಯಾಣುಗಳ ನಡುವೆ ನಡೆಯುತ್ತದೆ. ಚಿಕ್ಕ ಪ್ರಾಣಿ ಮುಂದಿನ ವರ್ಷದವರೆಗೆ ಬದುಕುವ ಸಂಭವ ಹೇಗೂ ಕಡಿಮೆಯಿರುವುದರಿಂದ, ಶಕ್ತಿಯನ್ನು ಮುಂದಕ್ಕೆ ಉಳಿಸಿಕೊಂಡ ಗಂಡಿಗಿಂತ ಎಲ್ಲವನ್ನೂ ಈ ವರ್ಷವೇ ಸುರಿದ ಗಂಡಿನ ಮರಿಗಳೇ ಹೆಚ್ಚಾಗಿ ಉಳಿದವು. ಎಲ್ಲ ಡ್ಯಾಸಿಯೂರಿಡ್‌ಗಳೂ ಹೀಗಲ್ಲ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ಮಳೆ ಯಾವಾಗ ಬಂದೀತೆಂದು ಹೇಳಲಾಗದ ಒಣನಾಡಿನ ಡನಾರ್ಟ್‌ಗಳಲ್ಲಿ ಗಂಡುಗಳು ಹೀಗೆ ಒಟ್ಟಾಗಿ ಸಾಯುವುದಿಲ್ಲ, ಒಂದೇ ಋತುವಿನಲ್ಲಿ ಎರಡು ಸಲ ಮರಿ ಹಾಕುವುದೂ ಉಂಟು.

ಚಿಕ್ಕ ಮೈಯ ಇನ್ನೊಂದು ಕಷ್ಟ ಹೊಟ್ಟೆಯದು. ಹತ್ತಿಪ್ಪತ್ತು ಗ್ರಾಂ ತೂಕದ ಬಿಸಿರಕ್ತದ ಪ್ರಾಣಿ ಶಾಖವನ್ನು ಬಹುಬೇಗ ಕಳೆದುಕೊಳ್ಳುತ್ತದೆ. ಒಲೆ ಆರದಿರಬೇಕಾದರೆ ಸೌದೆ ಬೀಳುತ್ತಲೇ ಇರಬೇಕು. ಕೊಬ್ಬುಬಾಲದ ಡನಾರ್ಟ್ ಹೆಸರಿಗೆ ತಕ್ಕಂತೆ ಬಾಲದ ಬುಡದಲ್ಲಿ ಕೊಬ್ಬನ್ನು ಕೂಡಿಡುತ್ತದೆ. ಕೀಟಗಳು ಸಿಗದ ಚಳಿಯ ರಾತ್ರಿಗಳಲ್ಲಿ ಮೈಯ ಉಷ್ಣತೆಯನ್ನೇ ಇಳಿಸಿ ಕೆಲವು ತಾಸು ಜಡನಿದ್ದೆಗೆ ಜಾರುತ್ತದೆ. ಬೆಳಿಗ್ಗೆ ಆ ತಣ್ಣನೆಯ ಮೈಯನ್ನು ಎಳೆದುಕೊಂಡು ಬಿರುಕಿನ ಬಾಯಿಗೆ ಬಂದು ಬಿಸಿಲು ಕಾಯಿಸಿಕೊಳ್ಳುತ್ತದೆ, ಹೀಗೆ ಮೈ ಬಿಸಿಮಾಡಿಕೊಳ್ಳುವ ಖರ್ಚಿನಲ್ಲಿ ದೊಡ್ಡ ಪಾಲನ್ನು ಸೂರ್ಯನಿಗೆ ವಹಿಸುತ್ತದೆ. ಉದ್ದಬಾಲದ ಪ್ಲಾನಿಗೇಲ್‌ನದು ಮತ್ತೊಂದು ಉಪಾಯ. ಸುಮಾರು 4 ಗ್ರಾಂ ತೂಗುವ, ಹೊಟ್ಟೆಚೀಲದ ಪ್ರಾಣಿಗಳಲ್ಲೇ ಅತಿ ಚಿಕ್ಕದೆನ್ನಲಾದ ಇದರ ತಲೆ ಯಾರೋ ಬೆರಳಿನಿಂದ ಅದುಮಿಟ್ಟಂತೆ ಚಪ್ಪಟೆ, ದಪ್ಪ ಮೂರು ನಾಲ್ಕು ಮಿಲಿಮೀಟರ್ ಮಾತ್ರ. ನಾವು ಎಳ್ಳುಕಾಳು ಬಿದ್ದರೂ ಹುಡುಕಲಾರದ ಎರೆಯ ಸಂದಿಯಲ್ಲಿ ಅದು ತನ್ನಷ್ಟೇ ಉದ್ದದ ಮಿಡತೆಯನ್ನು ಬೆನ್ನಟ್ಟಿ ಕಚ್ಚಿ ಕೊಲ್ಲುತ್ತದೆ.

ಇಂಥ ಬದುಕನ್ನು ಕಾಪಾಡುವುದು ಹುಲಿ, ಆನೆಗಳನ್ನು ಕಾಪಾಡಿದಂತಲ್ಲ ಎಂಬುದೇ ಈ ಲೇಖನದ ಮುಖ್ಯ ಮಾತು. ಆನೆಗೆ ಒಂದು ವರ್ಷ ಮರಿಯಾಗದಿದ್ದರೆ ಅದರ ಬದುಕಿನಲ್ಲಿ ಇನ್ನೂ ನಲವತ್ತು ವರ್ಷ ಬಾಕಿಯಿರುತ್ತದೆ. ಆಂಟೆಕೈನಸ್‌ಗೆ ಒಂದು ವರ್ಷ ಎಂದರೆ ಒಂದು ಪೀಳಿಗೆ. ಗಂಡುಗಳು ಸತ್ತು, ಹೆಣ್ಣುಗಳು ಬಸುರಿಯಾಗಿರುವ ತಿಂಗಳಲ್ಲಿ ಕಾಡಿಗೆ ಬೆಂಕಿ ಬಿದ್ದರೆ ಆ ಕಣಿವೆಯ ಇಡೀ ಬಳಗದ ಮುಂದಿನ ಕತೆ ಕೆಲವೇ ಹೆಣ್ಣುಗಳ ಮೇಲೆ ನಿಲ್ಲುತ್ತದೆ. ಕ್ರೂಂಬಿಟ್ ಟಾಪ್ಸ್ ಬೆಟ್ಟಗಳಿಂದ 2013ರಲ್ಲಿ ಹೊಸದಾಗಿ ವಿವರಿಸಲಾದ ಬೆಳ್ಳಿತಲೆಯ ಆಂಟೆಕೈನಸ್, 2014ರಲ್ಲಿ ವಿವರಿಸಲಾದ ಕಪ್ಪುಬಾಲದ ಆಂಟೆಕೈನಸ್, ಎರಡೂ 2018ರ ಹೊತ್ತಿಗೆ ಅಪಾಯದಂಚಿನ ಪಟ್ಟಿ ಸೇರಿದ್ದವು. ಹೆಸರಿಟ್ಟು ಐದು ವರ್ಷ ತುಂಬಿರಲಿಲ್ಲ.

ಬೆಂಕಿಯೊಂದೇ ಆಗಿದ್ದರೆ ಈ ಪ್ರಾಣಿಗಳು ಹೇಗೋ ಸುಧಾರಿಸಿಕೊಳ್ಳುತ್ತಿದ್ದವು. ನ್ಯೂ ಸೌತ್ ವೇಲ್ಸ್‌ನ ವಾರಂಬಂಗಲ್ ರಾಷ್ಟ್ರೀಯ ಉದ್ಯಾನದಲ್ಲಿ 2013ರ ಕಾಳ್ಗಿಚ್ಚಿನ ನಂತರ ನಡೆದ ಅಧ್ಯಯನದಲ್ಲಿ, ಸುಟ್ಟ ನೆಲದ ಆಂಟೆಕೈನಸ್‌ಗಳು ಜಡನಿದ್ದೆಯ ಅವಧಿಯನ್ನು ಹೆಚ್ಚಿಸಿಕೊಂಡು, ಹಗಲಿನ ಓಡಾಟ ತಗ್ಗಿಸಿ ದಿನ ದೂಡುವುದು ಕಂಡುಬಂತು. ಅಡಗುವ ಪೊದೆ ಸುಟ್ಟುಹೋದ ಮೇಲೆ ಬರುವವನು ಇನ್ನೊಬ್ಬನಿದ್ದಾನೆ: ಬೆಕ್ಕು. 1788ರಲ್ಲಿ ಬ್ರಿಟಿಷರ ಮೊದಲ ಹಡಗುಗಳೊಂದಿಗೆ ಬಂದ ಬೆಕ್ಕು ಈಗ ಖಂಡದ 99 ಶೇಕಡಕ್ಕೂ ಹೆಚ್ಚು ಭಾಗದಲ್ಲಿದ್ದು, ಕಾಡುಪಾಲಾದ ಬೆಕ್ಕುಗಳ ಸಂಖ್ಯೆ ಮಳೆಯ ಏರಿಳಿತದೊಂದಿಗೆ 20 ಲಕ್ಷದಿಂದ 60 ಲಕ್ಷದವರೆಗೆ ಏರಿಳಿಯುತ್ತದೆಂದು ಅಂದಾಜು. ದಕ್ಷಿಣ ಆಸ್ಟ್ರೇಲಿಯಾದ ಕಾಂಗರೂ ದ್ವೀಪದಲ್ಲಷ್ಟೇ ಇರುವ ಡನಾರ್ಟ್‌ನ ನೆಲೆಯಲ್ಲಿ 90 ಶೇಕಡಕ್ಕೂ ಹೆಚ್ಚು 2019-20ರ ಬೇಸಿಗೆಯ ಬೆಂಕಿಗೆ ಆಹುತಿಯಾಯಿತು. ಬಳಿಕ ಅಲ್ಲಿ ಹಿಡಿದು ಕೊಂದ 86 ಬೆಕ್ಕುಗಳ ಹೊಟ್ಟೆ ಪರೀಕ್ಷಿಸಿದಾಗ 7ರಲ್ಲಿ ಈ ಡನಾರ್ಟ್‌ನ ಅವಶೇಷಗಳಿದ್ದವು. ಬೆಂಕಿಯಿಂದ ಪಾರಾಗಿ ಬೂದಿಯಲ್ಲಿ ಉಳಿದ ಕೆಲವೇ ಪ್ರಾಣಿಗಳನ್ನು ಹುಡುಕಲು ಸಂಶೋಧಕರು ಕ್ಯಾಮೆರಾ ಹೊತ್ತು ಅಲೆಯುತ್ತಿದ್ದಾಗ ಬೆಕ್ಕುಗಳು ಅವನ್ನು ಅವರಿಗಿಂತ ಸಲೀಸಾಗಿ ಹುಡುಕುತ್ತಿದ್ದವು. ಹಾಗಾಗಿ ಬೆಂಕಿ ಆರಿದ ಕೆಲವೇ ವಾರಗಳಲ್ಲಿ, ಉಳಿದ ಹಸಿರು ತುಂಡಿನ ಸುತ್ತ ಬೆಕ್ಕು ದಾಟಲಾರದ ಬೇಲಿ ಹಾಕಿದ್ದು ಅಲ್ಲಿನ ಮೊದಲ ಕೆಲಸವಾಯಿತು.

ಒಂದು ವರ್ಷದ ಪೀಳಿಗೆ ಎಂಬುದು ಎರಡಲಗಿನ ಕತ್ತಿ ಎಂದು ತೋರಿಸಿಕೊಟ್ಟಿದ್ದು ಉತ್ತರದ ಕ್ವೋಲ್. ಇದರ ಗಂಡುಗಳಲ್ಲೂ ಹೆಚ್ಚಿನವು ಒಂದು ಬೆದೆಗಾಲದಾಚೆಗೆ ಉಳಿಯುವುದಿಲ್ಲ. ಹೆಣ್ಣು ಹುಡುಕುತ್ತ ಒಂದೇ ರಾತ್ರಿ ಹತ್ತು ಕಿಲೋಮೀಟರ್ ನಡೆದ ಗಂಡು ದಾಖಲಾಗಿದೆ. ಕಬ್ಬಿನ ಹುಳುವನ್ನು ತಿನ್ನಲೆಂದು 1935ರಲ್ಲಿ ಹವಾಯಿಯಿಂದ ಕ್ವೀನ್ಸ್‌ಲ್ಯಾಂಡಿಗೆ ತಂದ ಸುಮಾರು ನೂರು ನೆಲಗಪ್ಪೆಗಳು ಹುಳುವನ್ನು ಬಿಟ್ಟು ಖಂಡವನ್ನೇ ಹಿಡಿದ ಕತೆ ಪ್ರಸಿದ್ಧವಾಗಿದೆ. ಆ ಕೇನ್ ಟೋಡ್ ಕಪ್ಪೆಯ ಭುಜದ ಗ್ರಂಥಿಗಳಲ್ಲಿರುವ ವಿಷ ಹೃದಯವನ್ನು ನಿಲ್ಲಿಸುತ್ತದೆ, ಆಸ್ಟ್ರೇಲಿಯಾದ ಬೇಟೆಪ್ರಾಣಿಗಳಿಗೆ ಅದರ ಪರಿಚಯ ಹಿಂದೆಂದೂ ಇರಲಿಲ್ಲ. ಕಪ್ಪೆಗಳು 2001ರಲ್ಲಿ ಕಾಕಡು ರಾಷ್ಟ್ರೀಯ ಉದ್ಯಾನ ತಲುಪಿದ ಮೇಲೆ ಅಲ್ಲಿ ಕ್ವೋಲ್‌ಗಳು ನೋಡನೋಡುತ್ತ ಕಾಣೆಯಾದವು. ಸಂಶೋಧಕರು ಕಪ್ಪೆಯ ಮಾಂಸವನ್ನು ಅರೆದು, ವಾಕರಿಕೆ ತರಿಸುವ ಔಷಧಿ ಬೆರೆಸಿ ಸಾಸೇಜ್ ಮಾಡಿದರು. ತಿಂದ ಕ್ವೋಲ್ ಸಾಯದೆ ಹೊಟ್ಟೆ ತೊಳಸಿ ಬಳಲಿ, ಮುಂದೆ ಜೀವಂತ ಕಪ್ಪೆಯ ವಾಸನೆ ಬಂದರೆ ಮುಖ ತಿರುಗಿಸಿತು. ಪಾಠ ಕಲಿತ ಕ್ವೋಲ್‌ಗಳು ಕಲಿಯದವುಗಳಿಗಿಂತ ಹೆಚ್ಚು ಕಾಲ ಬದುಕಿದ್ದನ್ನು 2010ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿತು. ಆದರೆ ಕಲಿತ ಗಂಡು ಆ ವರ್ಷವೇ ಸಾಯುವ ಕಡೆ, ಪಾಠ ಪ್ರತಿ ವರ್ಷ ಮೊದಲಿನಿಂದ ಶುರುವಾಗಬೇಕು ಎಂಬ ತೊಡಕು ಉಳಿದೇ ಇದೆ. ಕ್ವೀನ್ಸ್‌ಲ್ಯಾಂಡಿನಲ್ಲಿ ಹುಟ್ಟುಗುಣದಿಂದಲೇ ಕಪ್ಪೆ ಮುಟ್ಟದ ಕೆಲವು ಕ್ವೋಲ್‌ಗಳಿವೆ, ಆ ಗುಣ ಮರಿಗಳಿಗೂ ಬರುತ್ತದೆ. ಅವನ್ನು ಬೇರೆ ಕಡೆಯ ಕ್ವೋಲ್‌ಗಳೊಂದಿಗೆ ಬೆರೆಸುವ ಪ್ರಯತ್ನ ಈ ತೊಡಕಿಗೆ ಸಿಕ್ಕ ಜಾಣ ಉತ್ತರ ಎಂದೇ ನನ್ನ ಅನಿಸಿಕೆ.

ಇನ್ನೊಂದು ಪ್ರಯತ್ನ ದ್ವೀಪಗಳದು. 2003ರಲ್ಲಿ ಕಪ್ಪೆ ತಲುಪದ ಆಸ್ಟೆಲ್ ಮತ್ತು ಪೊಬಾಸೂ ಎಂಬೆರಡು ದ್ವೀಪಗಳಿಗೆ 64 ಕ್ವೋಲ್‌ಗಳನ್ನು ಸಾಗಿಸಲಾಯಿತು. ಅಲ್ಲಿ ಅವು ಸಾವಿರಾರಾದವು. ಹದಿಮೂರು ಪೀಳಿಗೆಗಳ ನಂತರ ಆಸ್ಟೆಲ್‌ನಿಂದ ಕೆಲವನ್ನು, ಕಪ್ಪೆ ತಿನ್ನದಂತೆ ಪಾಠ ಕಲಿಸಿ, ಕಾಕಡುವಿಗೆ ಮರಳಿ ತಂದು ಬಿಟ್ಟರು. ಅವು ಕಪ್ಪೆಯಿಂದ ಸಾಯಲಿಲ್ಲ, ಡಿಂಗೋ ನಾಯಿಗಳ ಬಾಯಿಗೆ ಹೋದವು. ಶತ್ರುವಿಲ್ಲದ ದ್ವೀಪದಲ್ಲಿ ಹುಟ್ಟಿ ಬೆಳೆದ ಆ ಪೀಳಿಗೆಗಳಲ್ಲಿ ನಾಯಿಯ ಮತ್ತು ಬೆಕ್ಕಿನ ವಾಸನೆಗೆ ಬೆದರುವ ಗುಣವೇ ಮಾಸಿಹೋಗಿತ್ತು. ಆನೆಗಳಲ್ಲಿ ಹದಿಮೂರು ಪೀಳಿಗೆ ಎಂದರೆ ಶತಮಾನಗಳೇ ಉರುಳಬೇಕು. ಕ್ವೋಲ್‌ಗಳಲ್ಲಿ ಅದು ಒಬ್ಬ ಸಂಶೋಧಕನ ಸೇವಾವಧಿಯೊಳಗೇ ಮುಗಿಯಿತು.

ಜೂಲಿಯಾ ಕ್ರೀಕಿಗೆ ಮರಳಿದರೆ, ಅಲ್ಲಿನ ಡನಾರ್ಟ್‌ನ ಸಂಕಟದಲ್ಲಿ ನಮ್ಮದೂ ಒಂದು ಪಾಲಿದೆ. ಬೆಕ್ಕು, ದನಗಳ ಮಿತಿಮೀರಿದ ಮೇವು ಮುಂತಾದವುಗಳ ಜೊತೆಗೆ ಆ ಬಯಲನ್ನು ಕಾಡುತ್ತಿರುವುದು ಭಾರತದಿಂದ ಹೋದ ಕರಿಜಾಲಿ. ನಮ್ಮ ಹೊಲದ ಬದುವಿನಲ್ಲಿ ನೆರಳು ಕೊಡುವ, ಕಾಯಿಯನ್ನು ಆಡುಗಳಿಗೆ ಉದುರಿಸುವ, ಕಟ್ಟಿಗೆಯನ್ನು ನೇಗಿಲಿಗೆ ಒದಗಿಸುವ ಅದೇ ಮರ. ಇದನ್ನು ಬಳ್ಳಾರಿ ಜಾಲಿಯೊಂದಿಗೆ ಗೊಂದಲ ಮಾಡಿಕೊಳ್ಳಬಾರದು. ಅದು ಅಮೆರಿಕ ಖಂಡದಿಂದ ನಮ್ಮಲ್ಲಿಗೆ ಬಂದು ಕೆರೆಯಂಗಳಗಳನ್ನು ನುಂಗಿದ ಮರ. ಆದರೆ ಅದು ಇಲ್ಲಿ ಏನು ಮಾಡಿತೆಂದು ನೋಡಿದವರಿಗೆ ಕರಿಜಾಲಿ ಅಲ್ಲಿ ಏನು ಮಾಡುತ್ತಿದೆಯೆಂದು ಊಹಿಸುವುದು ಕಷ್ಟವಲ್ಲ. 1890ರ ದಶಕದಲ್ಲಿ ಕ್ವೀನ್ಸ್‌ಲ್ಯಾಂಡಿಗೆ ತಂದ ಈ ಮರವನ್ನು ಕುರಿಗಳ ನೆರಳಿಗೆ, ಮೇವಿಗೆ ಎಂದು ಬಯಲಿನ ನೀರಿನ ಕಾಲುವೆಗಳುದ್ದಕ್ಕೂ ನೆಡಲು ಸರ್ಕಾರವೇ ಪ್ರೋತ್ಸಾಹಿಸಿತು, 1957ರಲ್ಲಿ ಅದೇ ಸರ್ಕಾರ ಅದನ್ನು ಕಳೆಯೆಂದು ಘೋಷಿಸಿತು. ಕುರಿಗಳ ಬದಲು ದನಗಳು ಬಂದಮೇಲೆ ಕಾಯಿ ತಿಂದ ದನಗಳ ಸಗಣಿಯಲ್ಲಿ ಬೀಜ ಮೈಲುಗಟ್ಟಲೆ ಹರಡಿ, ಇಂದು 60 ಲಕ್ಷ ಹೆಕ್ಟೇರಿಗೂ ಹೆಚ್ಚು ಹುಲ್ಲುಗಾವಲಿನಲ್ಲಿ ಬೇರೂರಿದೆ. ಹುಟ್ಟೂರಿನಲ್ಲಿ ಅದನ್ನು ಹದ್ದಿನಲ್ಲಿಡುವ ಕೀಟಗಳು ಯಾವುವೆಂದು ಹುಡುಕುತ್ತ ಕ್ವೀನ್ಸ್‌ಲ್ಯಾಂಡಿನ ವಿಜ್ಞಾನಿಗಳು ಕೊಯಮತ್ತೂರಿನ ಅರಣ್ಯ ಸಂಶೋಧನಾ ಸಂಸ್ಥೆಯೊಡನೆ ಸೇರಿ ತಮಿಳುನಾಡು, ಕರ್ನಾಟಕಗಳ ಜಾಲಿಗಳನ್ನು ತಡಕಿದ್ದಾರೆ. ಆದರೆ ಜಾಲಿಯನ್ನು ತಿನ್ನುವ ಹುಳು ಆಸ್ಟ್ರೇಲಿಯಾದ ಸ್ವಂತ ಅಕೇಶಿಯಾಗಳನ್ನು ಮುಟ್ಟಬಾರದು. ಅವು ನೂರಾರು ಬಗೆಯಿರುವುದರಿಂದ ಈ ಪರೀಕ್ಷೆಯಲ್ಲಿ ಪಾಸಾಗುವ ಹುಳು ಸಿಗುವುದು ಸುಲಭವಲ್ಲ. ನೆಲಗಪ್ಪೆಯಿಂದ ಪಾಠ ಕಲಿತ ದೇಶ ಈ ವಿಷಯದಲ್ಲಿ ಅವಸರ ಮಾಡುವುದೂ ಇಲ್ಲ.

ಮರ ಬಂದರೆ ಡನಾರ್ಟ್‌ಗೆ ಏನು ನಷ್ಟ ಎಂಬ ಪ್ರಶ್ನೆಗೆ ಉತ್ತರ ಮಳೆಗಾಲದಲ್ಲಿದೆ. ಮಳೆ ಬಿದ್ದೊಡನೆ ಎರೆ ಉಬ್ಬಿ ಬಿರುಕುಗಳು ಮುಚ್ಚಿಕೊಳ್ಳುತ್ತವೆ. ಹಗಲಿನ ಮನೆ ಕಳೆದುಕೊಂಡ ಡನಾರ್ಟ್ ಮತ್ತೆ ನೆಲ ಒಡೆಯುವವರೆಗೆ ಮಿಚೆಲ್ ಹುಲ್ಲಿನ ದಟ್ಟ ಬುಡಗಳಲ್ಲಿ ತಲೆಮರೆಸಿಕೊಳ್ಳಬೇಕು. ಜಾಲಿಯ ಕೆಳಗೆ ಆ ಹುಲ್ಲು ಬೆಳೆಯುವುದಿಲ್ಲ; ಬೋಳು ನೆಲದ ಮೇಲೆ ಅಡಗಲು ಜಾಗವಿಲ್ಲ, ಮೇಲೆ ಕೊಂಬೆಯಲ್ಲಿ ಬೇಟೆಹಕ್ಕಿಗೆ ಕೂರಲು ಜಾಗವಾಯಿತು, ಪೊದೆಯಲ್ಲಿ ಬೆಕ್ಕಿಗೆ ಹೊಂಚುಹಾಕಲು ಮರೆಯಾಯಿತು.

ಎಷ್ಟು ಉಳಿದಿವೆಯೆಂದು ಎಣಿಸುವ ಕೆಲಸ ಇಂದಿಗೂ ಕೈಯಿಂದಲೇ ನಡೆಯುವಂಥದ್ದು. ಸಂಜೆ ಹುಲ್ಲಿನ ಬುಡಗಳ ನಡುವೆ ಸಾಲಾಗಿ ಅಲ್ಯೂಮಿನಿಯಂ ಪೆಟ್ಟಿಗೆಗಳನ್ನಿಟ್ಟು, ಒಳಗೆ ತುಸು ತಿಂಡಿಯನ್ನೂ ಮೈ ಬೆಚ್ಚಗಿಡುವ ಹಾಸನ್ನೂ ಇಡುತ್ತಾರೆ. ಬಿಸಿಲೇರಿದರೆ ಲೋಹದ ಪೆಟ್ಟಿಗೆ ಒಲೆಯಾಗುವುದರಿಂದ ಸೂರ್ಯ ಹುಟ್ಟುವ ಹೊತ್ತಿಗೇ ಸಾಲಿನುದ್ದಕ್ಕೂ ನಡೆದು ಮುಚ್ಚಿಕೊಂಡ ಬಾಗಿಲುಗಳನ್ನು ನೋಡಬೇಕು. ಹೆಚ್ಚಿನವು ಖಾಲಿ, ಕೆಲವದರಲ್ಲಿ ಇಲಿ. ಡನಾರ್ಟ್ ಸಿಕ್ಕರೆ ಬಟ್ಟೆಯ ಚೀಲಕ್ಕೆ ಸುರಿದು ತೂಗುತ್ತಾರೆ, ಬಾಲದ ಬುಡದ ದಪ್ಪ ಅಳೆಯುತ್ತಾರೆ, ಹೆಣ್ಣಾದರೆ ಹೊಟ್ಟೆ ಮೇಲೆ ಮಾಡಿ ತೊಟ್ಟುಗಳನ್ನು ಕಚ್ಚಿಕೊಂಡ ಮರಿಗಳಿವೆಯೇ ಎಂದು ಎಣಿಸುತ್ತಾರೆ. ಆಮೇಲೆ ಹಿಡಿದ ಜಾಗಕ್ಕೇ ಒಯ್ದು ಚೀಲದ ಬಾಯಿಯನ್ನು ಬಿರುಕಿನ ಅಂಚಿಗೆ ಹಿಡಿಯುತ್ತಾರೆ. ಅದು ಒಂದು ಕ್ಷಣ ಮೂತಿ ಹೊರಚಾಚಿ ಮೂಸಿ, ತಲೆ ಕೆಳಗೆ ಮಾಡಿ ಮಣ್ಣಿನೊಳಗೆ ಇಳಿದುಬಿಡುತ್ತದೆ.